ಯಶೋದಾಳ ಕಡಲತೀರ ಮತ್ತು ಪರಿಶೀಲನಾ ಉಪಸಮಿತಿ

ನಮ್ಮ ಸಂಘದ ಉಪವಿಧಿಗಳಲ್ಲಿ ಸಮುದ್ರ ಎಂಬ ಪದ ಎಲ್ಲಿಯೂ ಇಲ್ಲ. ಇದನ್ನು ಮೊದಲಿಗೇ ಸ್ಪಷ್ಟಪಡಿಸುವುದು ಕಾರ್ಯದರ್ಶಿಯಾದ ಜಂಪಣ್ಣ ಎಂಬ ನನ್ನ ಕರ್ತವ್ಯ. ಹಿರಿಯೂರಿನ ಶ್ರೀ ಹೊಸಮಂದೆ ಕುರಿಗಾಹಿಗಳ ಸಹಕಾರ ಸಂಘವು ಕುರಿ, ಉಣ್ಣೆ, ಮೇವು ಮತ್ತು ಜಂತುಹುಳದ ಔಷಧಿಗೆ ಸಂಬಂಧಪಟ್ಟ ಸಂಸ್ಥೆ. ಆದಾಗ್ಯೂ ಕಳೆದ ಫೆಬ್ರವರಿಯಲ್ಲಿ ಸಂಘವು ಸಮುದ್ರವನ್ನು ಖುದ್ದಾಗಿ ಪರಿಶೀಲಿಸಿ, ಅದರ ಲೋಪದೋಷಗಳನ್ನು ದಾಖಲಿಸಿ, ಸರ್ವಾನುಮತದಿಂದ ತಿರಸ್ಕರಿಸಿತು. ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ.

ಇದಕ್ಕೆಲ್ಲ ಕಾರಣ ನಮ್ಮ ಗುಮಾಸ್ತೆ ಯಶೋದಾ ರಜೆಯ ಅರ್ಜಿಯಲ್ಲಿ ನಿಜ ಬರೆದದ್ದು. ರಜೆ ಬೇಕಾದವರು ‘ಮನೆದೇವರ ಕಾರ್ಯ’ ಎಂದು ಬರೆಯುವುದು ನಮ್ಮಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ನಾನು ಸೇವೆಗೆ ಸೇರಿದಾಗಿನಿಂದ ಮನೆದೇವರಿಗೆ ಮಾಡಿರುವ ಕಾರ್ಯಗಳನ್ನೆಲ್ಲ ಕೂಡಿಸಿದರೆ ಆ ದೇವರೇ ಸಾಕಪ್ಪಾ ಸಾಕು ಎಂದಾನು. ಈ ಹುಡುಗಿ ಮಾತ್ರ ‘ಗಂಡನೊಂದಿಗೆ ಮೊದಲ ಬಾರಿಗೆ ದ್ವೀಪವೊಂದರ ಶಾಂತ ಕಡಲತೀರಕ್ಕೆ ಪ್ರವಾಸ ಹೋಗುವ ಸಲುವಾಗಿ ಒಂದು ವಾರ ರಜೆ’ ಎಂದು ದುಂಡಗೆ ಬರೆದು ಅಧ್ಯಕ್ಷರ ಮೇಜಿನ ಮೇಲಿಟ್ಟಳು.

ಅಧ್ಯಕ್ಷ ಕರಿಸಿದ್ದಪ್ಪನವರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

“ಯಾವ ದ್ವೀಪನವ್ವ?”

“ಇನ್ನೂ ಗೊತ್ತುಮಾಡಿಲ್ಲ ಸಾರ್. ಅಂಡಮಾನೋ, ಲಕ್ಷದ್ವೀಪನೋ. ಎಲ್ಲಿ ಜನ ಕಮ್ಮಿ, ಸದ್ದು ಕಮ್ಮಿ ಅಂತ ಮೊಬೈಲಲ್ಲಿ ನೋಡ್ತಾ ಇದೀನಿ.”

“ಅಷ್ಟು ದೂರ ಯಾಕೆ? ಭೀಮಸಮುದ್ರ ಐತಲ್ಲ. ಬೆಳಿಗ್ಗೆ ಬಸ್ಸು ಹತ್ತಿದ್ರೆ ಸಂಜೆಗೆ ವಾಪಸ್ಸು.”

“ಅದು ಕೆರೆ ಸಾರ್. ಅಲ್ಲಿ ನಮ್ಮ ಸೋದರತ್ತೆ ಮನೆ ಐತೆ. ಬಸ್ಸು ಇಳಿಯೋದ್ರೊಳಗೆ ಅರ್ಧ ಊರು ಮಾತಾಡ್ಸುತ್ತೆ.”

ಸದ್ದಿನ ಮೇಲೆ ಈ ಹುಡುಗಿಗೆ ಇಷ್ಟೇಕೆ ಕೋಪ ಎಂಬುದನ್ನು ಇಲ್ಲಿ ತಿಳಿಸಬೇಕು. ಅವಳ ಮನೆಯೂ ನಿಂಗಪ್ಪನ ಹಿಟ್ಟಿನ ಗಿರಣಿಯೂ ಒಂದೇ ಗೋಡೆಯ ಆಚೆ ಈಚೆ. ಗಿರಣಿಯ ಸದ್ದಿನಲ್ಲಿ ಧಾರಾವಾಹಿ ಕೇಳಿಸುವುದಿಲ್ಲವೆಂದು ಅತ್ತೆ ಓಬವ್ವನವರು ಟಿವಿಯನ್ನು ಅದರ ಶಕ್ತಿ ಇರುವಷ್ಟೂ ಕೂಗಿಸುತ್ತಾರೆ. ಗಂಡ ರಂಗೇಶನಿಗೆ ಮಾರಿಕಣಿವೆ ಅಣೆಕಟ್ಟಿನ ಪಂಪ್‌ಹೌಸಿನಲ್ಲಿ ಕೆಲಸ. ದಿನವಿಡೀ ಮೋಟಾರುಗಳ ನಡುವೆ ಅರಚಿ ಮಾತಾಡಿ ರೂಢಿಯಾದವನು ಮನೆಗೆ ಬಂದರೂ ಅದೇ ದನಿ. ಅವನು ಊಟಕ್ಕೆ ಕೂತು ಉಪ್ಪು ಕೇಳಿದರೆ ಬೀದಿಯಲ್ಲಿ ಹೋಗುವವರು ನಿಂತು, ಜಗಳವೇನೋ ಎಂದು ಇಣುಕುತ್ತಾರೆ.

“ಮದ್ವೆ ಆಗಿ ಮೂರು ವರ್ಷ ಆತು ಸಾರ್,” ಎಂದಳು ಯಶೋದಾ. “ಮೆಲ್ಲಗೆ ಮಾತಾಡಿದ್ರೆ ಅವರ ದನಿ ಹೆಂಗಿರ್ತೈತೆ ಅಂತ ನಂಗೆ ಗೊತ್ತಿಲ್ಲ. ಒಂದ್ಸಲ ಕೇಳ್ಬೇಕು. ಅಷ್ಟೇ.”

ನನಗೆ ಅಯ್ಯೋ ಅನ್ನಿಸಿತು. ಅಧ್ಯಕ್ಷರಿಗೂ ಅನ್ನಿಸಿರಬೇಕು, ಕೂಡಲೇ ಉಪವಿಧಿಗಳ ಪುಸ್ತಕ ತರಿಸಿದರು. ಅದರಲ್ಲಿ ನಮ್ಮ ತಾತಂದಿರು ಬರೆಸಿದ ನಿಯಮವೊಂದಿದೆ: “ಮಂದೆಯು ಕಾಣದ ಜಾಗಕ್ಕೆ ಹೊರಡುವ ಮುನ್ನ ಹಿರಿಯರು ತಾವೇ ಹೋಗಿ, ಅಲ್ಲಿ ತಂಗಿ, ನೀರು, ಮೇವು, ನೆರಳು ಹಾಗೂ ತೋಳದ ಭಯವನ್ನು ನೋಡಿಕೊಂಡು ಬರತಕ್ಕದ್ದು.” ಕುರಿ ಕಾಯುವವರಿಗೆ ಇದು ಪ್ರಾಣಕ್ಕಿಂತ ಹೆಚ್ಚಿನ ನಿಯಮ. ಹಿರಿಯರು ನೋಡದ ನೆಲದಲ್ಲಿ ನಮ್ಮವರು ಹಟ್ಟಿ ಹೂಡಿದ್ದು ಇತಿಹಾಸದಲ್ಲೇ ಇಲ್ಲ.

“ನಾವು ಇಬ್ರೇ ಸಾರ್ ಹೋಗೋದು. ಮಂದೆ ಅಲ್ಲ.”

“ಎರಡು ಕುರಿ ಇದ್ರೂ ಮಂದೆನೇ ಕಣವ್ವ,” ಎಂದರು ಅಧ್ಯಕ್ಷರು ಪ್ರೀತಿಯಿಂದ. “ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಮೊದ್ಲು ನಾವು ನೋಡ್ಕೊಂಡು ಬರ್ತೀವಿ. ಆಮೇಲೆ ನೀನು ಹೋಗಂತೆ.”

ಹೀಗೆ ‘ಶಾಂತ ಕಡಲತೀರ ಪರಿಶೀಲನಾ ಉಪಸಮಿತಿ’ ಅಸ್ತಿತ್ವಕ್ಕೆ ಬಂತು. ಅಧ್ಯಕ್ಷರು ಅದರ ಅಧ್ಯಕ್ಷರು. ನಿರ್ದೇಶಕಿ ಬರಗೇರಮ್ಮನವರು ಮೇವು ಮತ್ತು ತೋಳದ ವಿಷಯಕ್ಕೆ. ಗಿರಣಿಯ ನಿಂಗಪ್ಪ ಕೂಡ ನಮ್ಮ ನಿರ್ದೇಶಕನೇ. ಸದ್ದಿನ ಬಗ್ಗೆ ತಾಲ್ಲೂಕಿನಲ್ಲಿ ಅವನಷ್ಟು ಅನುಭವ ಇನ್ನೊಬ್ಬರಿಗಿಲ್ಲವಾದ್ದರಿಂದ ಶಬ್ದತಜ್ಞನನ್ನಾಗಿ ನೇಮಿಸಲಾಯಿತು. ನಡಾವಳಿ ಬರೆಯಲು ನಾನು. ಖರ್ಚಿಗೆ ‘ಹೊಸ ಹುಲ್ಲುಗಾವಲು ಪರಿಶೀಲನಾ ನಿಧಿ’ ಇತ್ತು. ಗುಡ್ಡಗಳ ಮೇಲೆ ಗಾಳಿಯಂತ್ರ, ಬಯಲಿನಲ್ಲಿ ಸೈಟು ಬಂದ ಮೇಲೆ ಪರಿಶೀಲಿಸಲು ಹೊಸ ಹುಲ್ಲುಗಾವಲೇ ಉಳಿದಿರಲಿಲ್ಲ. ನಿಧಿ ಮಾತ್ರ ಮೇಯದೆಯೇ ಕೊಬ್ಬಿತ್ತು.

ಮೊದಲ ಸಭೆಯಲ್ಲೇ ಬರಗೇರಮ್ಮನವರು ಗಂಭೀರವಾದ ಆಕ್ಷೇಪಣೆ ಎತ್ತಿದರು.

“ಶಾಂತ ಜಾಗ ಅಂದ್ರೆ ಏನ್ರಿ ಅಧ್ಯಕ್ಷರೇ? ಮಂದೇಲಿ ಸದ್ದಡಗ್ತು ಅಂದ್ರೆ ತೋಳ ಬಂತು ಅಂತ ಅರ್ಥ. ಸದ್ದಿಲ್ಲದ ಕಡೆಗೆ ಈ ಮಕ್ಳನ್ನ ಕಳ್ಸಿ ನಾಳೆ ಏನಾದ್ರೂ ಆದ್ರೆ?”

ಮಾತು ಸರಿಯಾಗಿತ್ತು. ದೀರ್ಘ ಚರ್ಚೆಯ ನಂತರ, ಶಾಂತವಾದ ಜಾಗವನ್ನು ಸುರಕ್ಷಿತವಾಗಿ ಪರಿಶೀಲಿಸಲು ಸಾಕಷ್ಟು ಸದ್ದನ್ನು ಇಲ್ಲಿಂದಲೇ ಒಯ್ಯತಕ್ಕದ್ದೆಂದು ತೀರ್ಮಾನವಾಗಿ, ಡೊಳ್ಳಿನ ತಂಡವನ್ನು ಸೇರಿಸಿಕೊಳ್ಳಲಾಯಿತು. ಡೊಳ್ಳಿನವರಿಗೆ ಮುದ್ದೆ ಇಲ್ಲದಿದ್ದರೆ ಕೈ ಏಳುವುದಿಲ್ಲ, ಹೀಗಾಗಿ ಅಡುಗೆಯವರು. ನಿರ್ದೇಶಕರ ಮನೆಯವರು ಮಹಿಳಾ ದೃಷ್ಟಿಕೋನದಿಂದ ಪರಿಶೀಲಿಸಲು. ಓಬವ್ವನವರು ‘ಬಾಧಿತ ಕುಟುಂಬದ ಪ್ರತಿನಿಧಿ’. ಗಾಳಿ ಬಂದಾಗ ತೂರಿಕೋ ಎಂದು ಕೆಲವರು ಆಡಿಕೊಂಡರು. ಅವರನ್ನೂ ಸೇರಿಸಿಕೊಂಡ ಮೇಲೆ ಆಡಿಕೊಳ್ಳುವುದು ನಿಂತಿತು. ಸೂಚನಾ ಫಲಕದಲ್ಲಿ ಹೀಗೆ ಹಾಕಿದೆವು:

“ಪ್ರಕಟಣೆ. ಗುಮಾಸ್ತೆಯವರ ಪ್ರವಾಸದ ಪ್ರಯುಕ್ತ ಸಂಘದ ಕಚೇರಿಗೆ ಒಂದು ವಾರ ಬೀಗ ಹಾಕಲಾಗುವುದು. ಗುಮಾಸ್ತೆಯವರು ಸದರಿ ಪ್ರವಾಸದಲ್ಲಿ ಪಾಲ್ಗೊಳ್ಳುವುದಿಲ್ಲ.”

ಇದನ್ನು ಓದಿ ಯಶೋದಾ ಒಳಗೆ ಬಂದಳು.

“ಸಾರ್, ನಮ್ಮನೆಯವರಿಗೂ ಅದೇ ವಾರ ರಜೆ ಮಂಜೂರಾಗೈತೆ. ಮತ್ತೆ ಈ ವರ್ಷ ಸಿಗಲ್ಲ. ನಾವೂ ನಿಮ್ಮ ಜೊತೆಗೇ ಬಂದ್ಬಿಡ್ತೀವಿ. ಒಂದು ಮೂಲೇಲಿ ಇರ್ತೀವಿ.”

“ಹಂಗಾಗಲ್ಲವ್ವ,” ಎಂದರು ಅಧ್ಯಕ್ಷರು. “ಅರ್ಜಿದಾರರೇ ಪರಿಶೀಲನೆಗೆ ಬಂದ್ರೆ ನಿಷ್ಪಕ್ಷಪಾತ ಎಲ್ಲಿ ಉಳೀತೈತೆ? ನಾಳೆ ಯಾರಾದ್ರೂ ಕೇಳಿದ್ರೆ ಉತ್ತರ ಕೊಡೋರು ಯಾರು?”

ಅವಳ ಕಣ್ಣಲ್ಲಿ ನೀರು ನಿಂತಿತು. ನಡಾವಳಿಯಲ್ಲಿ ಕಣ್ಣೀರಿಗೆ ಅಂಕಣವಿಲ್ಲ. ಆದರೆ ಅವತ್ತು ನನಗೆ ಮಧ್ಯಾಹ್ನದ ಊಟ ರುಚಿಸಲಿಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಹೊರಡುವ ದಿನ ನಿಂಗಪ್ಪ ಗಿರಣಿಯ ಬೆಲ್ಟು ಬಿಚ್ಚಿ ಶಟರ್ ಎಳೆದ. ಓಬವ್ವನವರು, ತಾವಿಲ್ಲದಾಗ ಸೊಸೆ ಕರೆಂಟು ಸುಟ್ಟಾಳೆಂದು ಟಿವಿಯ ರಿಮೋಟನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. ಯಶೋದಾ ಮತ್ತು ರಂಗೇಶ ಬಸ್ಸಿನವರೆಗೆ ಬಂದು, ಬುತ್ತಿ ಕೊಟ್ಟು ಕೈಬೀಸಿದರು. “ಹುಷಾರಾಗಿ ಹೋಗ್ಬರ್ರಿ!” ಎಂದ ರಂಗೇಶ. ಪಕ್ಕದ ಬಸ್ಸಿನ ಚಾಲಕನೂ ಬೆಚ್ಚಿ ಬ್ರೇಕು ಹಾಕಿದ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಡೊಳ್ಳುಗಳ ಬಗ್ಗೆ ವಿಚಾರಣೆಯಾಯಿತು. ‘ತೋಳದಿಂದ ರಕ್ಷಣೆಗೆ’ ಎಂದು ಅಧ್ಯಕ್ಷರು ಲಿಖಿತವಾಗಿ ಕೊಟ್ಟ ಮೇಲೆ ಬಿಟ್ಟರು.

ವಿಮಾನ ಇಳಿದು, ಹಡಗು ಹತ್ತಿ, ಅಂಡಮಾನಿನ ಒಂದು ಸಣ್ಣ ದ್ವೀಪ ಸೇರಿದೆವು. ಬಿಳಿ ಮರಳು, ಬಾಗಿದ ತೆಂಗು, ಕಣ್ಣು ಹಾಯುವವರೆಗೆ ನೀಲಿ ನೀರು. ಎಲ್ಲರೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡೆವು. ಇಷ್ಟು ಸೊಗಸಾದ ಜಾಗದಲ್ಲಿ ಲೋಪ ಹುಡುಕುವುದು ಹೇಗೆಂದು ನನಗೆ ಚಿಂತೆಯಾಯಿತು.

ಬರಗೇರಮ್ಮನವರು ಆ ಚಿಂತೆ ಕಳೆದರು. ಸೀರೆ ಎತ್ತಿಕೊಂಡು ಸೀದಾ ನೀರಿಗೆ ಹೋಗಿ, ಬೊಗಸೆಯಲ್ಲಿ ತುಂಬಿ, ಕುಡಿದು, ಉಗಿದರು.

“ಉಪ್ಪು. ಬರ್ಕಳ್ರಿ ಜಂಪಣ್ಣಾರೇ. ಒಂದು ಕುರಿಯೂ ಮೂಸಲ್ಲ.”

ಬರೆದುಕೊಂಡೆ. ಮೇವು: ಹುಲ್ಲಿನ ಎಸಳೂ ಇಲ್ಲ, ಬರೀ ಮರಳು. ನೆರಳು: ತೆಂಗಿನದು, ಕಾಯಿ ತಲೆಯ ಮೇಲೆ ಬೀಳುವ ಸಂಭವವಿದೆ. ತೋಳ: ಕಂಡುಬಂದಿಲ್ಲ, ಆದರೆ ಏಡಿ ಕಚ್ಚಿದೆ. ಶಾಂತಿಯನ್ನು ಪರೀಕ್ಷಿಸಲು ಸಂಜೆ ಡೊಳ್ಳು ಬಾರಿಸಲಾಯಿತು. ಅದುವರೆಗೆ ತೀರದಲ್ಲಿ ಮಲಗಿ ಪುಸ್ತಕ ಓದುತ್ತಿದ್ದ ವಿದೇಶಿ ದಂಪತಿ ಸಾಮಾನು ಕಟ್ಟಿಕೊಂಡು ಮುಂದಿನ ಹಡಗಿಗೇ ಹೊರಟುಹೋದರು. ಇದರಿಂದ ಜನಸಂದಣಿ ಮತ್ತಷ್ಟು ಕಡಿಮೆಯಾಯಿತು ಎಂಬುದನ್ನು ಸಮಿತಿ ಮೆಚ್ಚುಗೆಯಿಂದ ದಾಖಲಿಸಿತು.

ನಾವು ಖುಷಿಪಟ್ಟೆವು ಎಂಬುದನ್ನು ಮುಚ್ಚಿಡುವುದಿಲ್ಲ. ಓಬವ್ವನವರು ಮೊದಲು ದಡದಲ್ಲೇ ಕೂತಿದ್ದರು. “ಊರಿಗೆ ಬಂದೋಳು ನೀರಿಗೆ ಬರಲ್ವೇನೇ ಓಬವ್ವ, ಬಾ,” ಎಂದು ಬರಗೇರಮ್ಮ ಕೈಹಿಡಿದು ಎಳೆದರು. ಅಲೆ ಬಂದು ಇಬ್ಬರನ್ನೂ ಉರುಳಿಸಿತು. ಅರವತ್ತು ದಾಟಿದ ಇಬ್ಬರೂ ಮರಳಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು.

ಆದರೆ ರಾತ್ರಿ ನಿಂಗಪ್ಪನಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕೆಂಪು ಕಣ್ಣಲ್ಲಿ ಸಭೆಗೆ ಬಂದ.

“ಅಧ್ಯಕ್ಷರೇ, ಈ ಸಮುದ್ರ ಒಂದು ನಿಮಿಷ ಸುಮ್ಕಿರಲ್ಲ. ನನ್ನ ಗಿರಣಿ ಸಂಜೆ ಏಳಕ್ಕೆ ಬಂದ್ ಆಗ್ತೈತೆ. ಭಾನುವಾರ ರಜೆ. ಕರೆಂಟು ಹೋದ್ರೆ ಅದೂ ನಿಲ್ತೈತೆ. ಇದಕ್ಕೆ ರಜೆನೂ ಇಲ್ಲ, ಕರೆಂಟೂ ಬ್ಯಾಡ. ಇದನ್ನ ಶಾಂತ ಅಂತ ನಾನು ಸಹಿ ಹಾಕಲ್ಲ.”

ಹೋಟೆಲಿನವನನ್ನು ಕರೆಸಿ ಅಲೆಗಳನ್ನು ನಿಲ್ಲಿಸುವ ವ್ಯವಸ್ಥೆ ಇದೆಯೇ ಎಂದು ಕೇಳಲಾಯಿತು. ಇಲ್ಲವೆಂದ. ಲಿಖಿತವಾಗಿ ಕೊಡಲು ನಿರಾಕರಿಸಿದ. ಡೊಳ್ಳಿನ ಸದ್ದನ್ನೇಕೆ ಲೆಕ್ಕಕ್ಕೆ ಹಿಡಿದಿಲ್ಲ ಎಂದು ಅವನೇ ತಿರುಗಿ ಕೇಳಿದಾಗ, ಅದು ನಮ್ಮದೇ ಸದ್ದು, ಸದ್ದಿನ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದು ಅಧ್ಯಕ್ಷರು ವಿವರಿಸಿದರು.

ಹಾಗಾದರೆ ಸದ್ದಿಲ್ಲದ ಜಾಗ ಎಲ್ಲಿದೆ? ವರದಿಯಲ್ಲಿ ಒಂದು ಹೆಸರಾದರೂ ಶಿಫಾರಸು ಮಾಡಲೇಬೇಕು. ಈ ಚಿಂತೆಯಲ್ಲಿದ್ದಾಗ ಓಬವ್ವನವರು ಸೊಸೆಗೆ ಸಮುದ್ರ ತೋರಿಸಲೆಂದು ವಿಡಿಯೊ ಕರೆ ಮಾಡಿದರು. ಫೋನನ್ನು ಅಲೆಯ ಕಡೆ ಹಿಡಿದು, “ಕೇಳ್ತೈತೇನೇ? ನೋಡು, ಹೆಂಗೆ ಬೊಬ್ಬೆ ಹೊಡೀತೈತೆ,” ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದರು. “ಲೇ ಯಶೋದಿ, ನಿಮ್ಮ ಕಡೆಯಿಂದ ಏನೂ ಕೇಳ್ತಿಲ್ಲ. ಫೋನು ಕೆಟ್ಟೈತಾ?”

“ಇಲ್ಲತ್ತೆ. ಇಲ್ಲಿ ಸದ್ದೇ ಇಲ್ಲ.”

ಯಶೋದಾ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ರಂಗೇಶ ಕಡಲೆಕಾಯಿ ಸುಲಿಯುತ್ತಿದ್ದ. ಸಿಪ್ಪೆ ಬಿರಿಯುವ ಟಪ್ ಎಂಬ ಸಣ್ಣ ಸದ್ದು ಅಷ್ಟು ದೂರದ ದ್ವೀಪದಲ್ಲಿ ಉಪಸಮಿತಿಯ ಎಲ್ಲ ಸದಸ್ಯರಿಗೂ ಸ್ಪಷ್ಟವಾಗಿ ಕೇಳಿಸಿತು. ನಿಂಗಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಆಲಿಸಿದ. “ಇದು ಶಾಂತ,” ಎಂದ. “ಇದಕ್ಕೆ ಸಹಿ ಹಾಕ್ತೀನಿ.”

ವಾಪಸ್ಸು ಬಂದ ಮೇಲೆ ನಡೆದ ಸಭೆಯ ನಿರ್ಣಯ ಹೀಗಿದೆ: “ಪರಿಶೀಲಿಸಿದ ಜಾಗಗಳ ಪೈಕಿ ಅರ್ಜಿದಾರರ ಸ್ವಂತ ಮನೆಯೇ ಅತ್ಯಂತ ಶಾಂತವೆಂದು ಸಾಬೀತಾಗಿದ್ದು, ಅದನ್ನು ಶಾಂತ ಕಡಲತೀರವೆಂದು ಅನುಮೋದಿಸಲಾಗಿದೆ. ಸಮುದ್ರದ ಕೊರತೆ ಇರುವುದನ್ನು ಗಮನಿಸಲಾಗಿದೆ.”

ಈ ಕೊರತೆಯನ್ನು ಬರಗೇರಮ್ಮನವರು ತುಂಬಿದರು. ಕ್ಷೇತ್ರಕ್ಕೆ ಹೋದವರು ತೀರ್ಥ ತಂದು, ಹೋಗದವರ ಅಂಗೈಗೆ ಹಾಕುವುದು ನಮ್ಮ ಕಡೆಯ ವಾಡಿಕೆ. ಕುಡಿದವರಿಗೆ ಹೋದಷ್ಟೇ ಪುಣ್ಯ. ಅವರು ನೀರಿನ ಬಾಟಲಿಯಲ್ಲಿ ಸಮುದ್ರ ತಂದಿದ್ದರು. ಯಶೋದಾಳನ್ನು ಕರೆದು ಸಭೆಯ ಎದುರಿಗೇ ಅಂಗೈಗೆ ಹಾಕಿದರು. ಅವಳು ಕುಡಿದು, ಮುಖ ಹಿಂಡಿ, ಉಳಿದದ್ದನ್ನು ತಲೆಗೆ ಸವರಿಕೊಂಡಳು. ಪ್ರವಾಸ ಮುಗಿದಂತೆ ದಾಖಲಿಸಿ, ಅವಳ ರಜೆಯಲ್ಲಿ ಒಂದು ವಾರವನ್ನು ಕಳೆಯಲಾಯಿತು.

ನಿಯಮದಂತೆ ಅವಳ ಹೇಳಿಕೆ ಪಡೆಯಬೇಕಿತ್ತು. ನಾನೇ ಬರೆದುಕೊಂಡೆ.

“ಮೊದಲನೇ ಸಂಜೆ ಅವರು ‘ಊಟ ಆತಾ’ ಅಂತ ರೂಢಿ ಮೇಲೆ ಕೂಗಿದ್ರು. ಮನೆ ಎಲ್ಲಾ ಗುಂಯ್ ಅಂತು. ಅವರಿಗೇ ಗಾಬರಿ ಆತು. ಆಮೇಲೆ ಮೆಲ್ಲಗೆ ಕೇಳಿದ್ರು.”

“ದನಿ ಹೆಂಗಿತ್ತಮ್ಮ?” ಎಂದು ಕೇಳಿದೆ. ಪ್ರಶ್ನೆ ನಮೂನೆಯಲ್ಲಿರಲಿಲ್ಲ.

ಯಶೋದಾಳ ಕಿವಿ ಕೆಂಪಾಯಿತು. “ಚೆನ್ನಾಗೈತೆ ಸಾರ್,” ಎಂದಳು. ಅವಳೂ ಎಷ್ಟು ಮೆಲ್ಲಗೆ ಹೇಳಿದಳೆಂದರೆ ನಾನು ಮೇಜಿನ ಮೇಲೆ ಬಾಗಬೇಕಾಯಿತು.

ಅಷ್ಟರಲ್ಲಿ ಗಿರಣಿ ಮತ್ತೆ ಶುರುವಾಗಿತ್ತು. ಓಬವ್ವನವರ ರಿಮೋಟು ಚೀಲದಿಂದ ಹೊರಗೆ ಬಂದಿತ್ತು. ಸಭೆ ಮುಗಿಯುವ ಹೊತ್ತಿಗೆ ಯಶೋದಾ ಎದ್ದು ನಿಂತಳು.

“ಅಧ್ಯಕ್ಷರೇ, ಒಂದು ಮಾತು. ಲಕ್ಷದ್ವೀಪ ಇನ್ನೂ ನೋಡಿಲ್ಲ. ನೋಡ್ದೆ ಬಿಟ್ರೆ ಹಿರಿಯರ ನಿಯಮಕ್ಕೆ ಅವಮಾನ ಆಗಲ್ವಾ? ಮುಂದಿನ ವರ್ಷ ಒಂದ್ಸಲ ಹೋಗ್ಬರ್ರಿ. ನಿಂಗಪ್ಪಣ್ಣ ಬೇಕೇ ಬೇಕು. ಅತ್ತೇನೂ ಇರ್ಲಿ. ಹದಿನೈದು ದಿನ ಆದ್ರೂ ಪರವಾಗಿಲ್ಲ.”

ಸಭೆ ಚಪ್ಪಾಳೆ ತಟ್ಟಿ ಒಪ್ಪಿತು. ಉಪಸಮಿತಿ ಅಂದಿನಿಂದ ಸ್ಥಾಯಿ ಸಮಿತಿ. ಓಬವ್ವನವರು ಅದರ ಆಜೀವ ಸದಸ್ಯರು. ಇಷ್ಟು ಜವಾಬ್ದಾರಿಯಿರುವ ನೌಕರರು ಸಿಗುವುದು ಕಷ್ಟ ಎಂದು ಅಧ್ಯಕ್ಷರು ಯಶೋದಾಳನ್ನು ಹೊಗಳಿದರು.

ಸಂಜೆ ಅವಳನ್ನು ಕರೆದೊಯ್ಯಲು ರಂಗೇಶ ಬಂದ. ಕಚೇರಿಯ ಬಾಗಿಲಲ್ಲಿ ನಿಂತು ಬಗ್ಗಿ ಅವಳ ಕಿವಿಯ ಹತ್ತಿರ ಏನೋ ಹೇಳಿದ. ಅವಳು ನಕ್ಕಳು. ನಾನು ನಾಲ್ಕು ಅಡಿ ದೂರದಲ್ಲೇ ಇದ್ದೆ, ಕಿವಿಯನ್ನೂ ಕೊಟ್ಟಿದ್ದೆ. ನಡಾವಳಿಯ ಕೊನೆಯ ಸಾಲಿನಲ್ಲಿ ‘ಪರಿಶೀಲನೆಯ ವೇಳೆ ಯಾವುದೇ ಸದ್ದು ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದೆ.