ಬಾಟಲಿಯ ಮೇಲಿನ ಜಡೆ

ಕೆಂಚಮ್ಮನ ಜಡೆಯ ಫೋಟೊವನ್ನು ಅವಳಿಗೆ ಗೊತ್ತಾಗದಂತೆ ಹಿಂದಿನಿಂದ ತೆಗೆದು, ‘ಮೇಘಜಡೆ ತೈಲ’ದ ಬಾಟಲಿಗೆ ಅಂಟಿಸಿ ಮಾರಿದರು.

ಮೂರು ತಿಂಗಳು ಅವಳಿಗೆ ಈ ಸಂಗತಿ ತಿಳಿಯಲೇ ಇಲ್ಲ. ಮಧುಗಿರಿಯ ಬೀದಿಗಳಲ್ಲಿ “ಕೂದ್ಲೂ... ಬಾಚಿದ್ ಕೂದ್ಲೂ...” ಎಂದು ಕೂಗುತ್ತಾ, ಹೆಂಗಸರು ಬಾಚಿ ಸುತ್ತಿಟ್ಟ ಕೂದಲುಂಡೆಗೆ ಪಿನ್ನು, ಸ್ಟೀಲು ಬಟ್ಟಲು ಕೊಟ್ಟು, ಚೀಲ ತುಂಬಿದಾಗ ಶಿರಾದ ಕೂದಲ ಮಂಡಿಗೆ ಹಾಕಿ ಬರುವುದು ಅವಳ ಬದುಕು. ಯಾವ ಉಂಡೆ ಯಾವ ಮನೆಯದೆಂದು ಅವಳ ಬೆರಳಿಗೇ ಗೊತ್ತು. ಈಚೆಗೆ ಪುಷ್ಪಾವತಿ ಮೇಡಮ್ಮನ ಬೀದಿಯೊಂದರಿಂದಲೇ ಚೀಲ ಅತ್ತೆಮನೆಯಲ್ಲಿ ಬೀಡುಬಿಟ್ಟ ಅಳಿಯನ ಹೊಟ್ಟೆಯಂತೆ ಉಬ್ಬುತ್ತಿತ್ತು. ಉಂಡೆಗಳಲ್ಲಿ ಬಿಳಿ ಬೇರು ಕಾಣುತ್ತಿತ್ತು. ಅದು ಮುರಿದ ಕೂದಲಲ್ಲ, ಬುಡಸಮೇತ ಕಿತ್ತುಬಂದದ್ದು.

ಆ ಬುಧವಾರ ಬೆಳಿಗ್ಗೆ ಪುಷ್ಪಾವತಿ ಗೇಟಿನೊಳಗಿಂದಲೇ ಬಾಟಲಿ ಎತ್ತಿ ಹಿಡಿದರು. ಆಕೆ ನಿವೃತ್ತ ಹೆಡ್‌ಮಿಸ್ಸು, ಮಹಿಳಾ ಸಂಘದ ಅಧ್ಯಕ್ಷೆ. ಅವರು ಹೇಳಿದ್ದನ್ನು ಇಡೀ ಬೀದಿ ಕಾಪಿ ಬರೆದುಕೊಳ್ಳುತ್ತಿತ್ತು.

“ಇದು ಯಾರ್ ಜಡೆ?”

ಬಾಟಲಿಯ ಮೇಲೆ ರೇಷ್ಮೆ ಸೀರೆಯ ಒಂದು ಬೆನ್ನು, ಮೊಣಕಾಲು ಮುಟ್ಟುವ ಜಡೆ. ಮುಖವಿರಲಿಲ್ಲ, ಮುಖ ಯಾರಿಗೂ ಬೇಕಿರಲಿಲ್ಲ. ಹರಿದ ಸೀರೆಯನ್ನು ಕಂಪ್ಯೂಟರಿನಲ್ಲಿ ರೇಷ್ಮೆ ಮಾಡಿದವರು ಜಡೆಯ ತುದಿಗೆ ಕಟ್ಟಿದ್ದ ಗೋಣಿದಾರ ಅಳಿಸುವುದನ್ನು ಮರೆತಿದ್ದರು.

“ನಂದೇ ಕಣಮ್ಮ!” ಎಂದಳು ಕೆಂಚಮ್ಮ, ಕಳೆದುಹೋದ ಮೇಕೆಯನ್ನು ಯಾರದೋ ಕೊಟ್ಟಿಗೆಯಲ್ಲಿ ಕಂಡವಳಂತೆ.

“ಒಪ್ಕೊಂಡ್ಯಲ್ಲ! ನಮ್ ಕೂದ್ಲು ಉದುರ್ಲಿ ಅಂತ ಈ ಎಣ್ಣೆಗೆ ಜಡೆ ಕೊಟ್ಟಿದ್ದೀಯ. ಉದುರಿದ್ದೆಲ್ಲ ನಿನ್ ಚೀಲಕ್ಕೇ ತಾನೆ ಬೀಳೋದು?”

ಎದುರುಮನೆಯ ಚನ್ನಮಲ್ಲಮ್ಮ ಹೊಸ್ತಿಲಿನಿಂದಲೇ ದನಿಗೂಡಿಸಿದಳು. “ಅವ್ಳ್ ತಲೆ ನೋಡ್ರಿ, ನಮ್ ತಲೆ ನೋಡ್ರಿ. ಕೂದ್ಲು ಎಲ್ಲಿಂದ ಎಲ್ಲಿಗ್ ಹೋಗೈತೆ ಅಂತ ತಿಳಿಯಾಕಿಲ್ವಾ?”

“ನಂಗೇನೂ ಗೊತ್ತಿಲ್ಲ ಕಣ್ರವ್ವಾ, ನಿಮ್ಮಾಣೆ.”

ಪುಷ್ಪಾವತಿಯ ಹಿಂದೆ ಮಗಳು ಸಹನಾ ದುಪಟ್ಟಾ ಮುಸುಕು ಹಾಕಿ ನಿಂತಿದ್ದಳು. ಕಾಲೇಜಿಗೆ ಹೋಗದೆ ಹದಿನೈದು ದಿನವಾಗಿತ್ತು. ಬಿಳಿ ಬೇರಿನ ಉಂಡೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಅವಳದೇ.

“ಇವತ್ತು ಕೊರಟಗೆರೇಲಿ ಈ ಎಣ್ಣೆ ಕಂಪನಿಯವನ ಸಭೆ ಇದೆ. ಎಲ್ಲರೂ ಹೋಗೋಣ. ನಿನಗೇನೂ ಗೊತ್ತಿಲ್ಲ ಅಂತ ಅವನೆದುರಿಗೇ ಹೇಳು. ಇಲ್ಲಾಂದ್ರೆ ಈ ಬೀದಿಗೆ ಕಾಲಿಡಬೇಡ” ಎಂದರು ಪುಷ್ಪಾವತಿ.

ಈ ಬೀದಿ ಹೋದರೆ ಊರೇ ಹೋದಂತೆ. ಸಂಘದ ವಾಟ್ಸಾಪ್ ಪ್ರೈವೇಟ್ ಬಸ್ಸಿಗಿಂತ ಜೋರಾಗಿ ಓಡುತ್ತಿತ್ತು. ಕೆಂಚಮ್ಮ ಚೀಲ ಹೊತ್ತು ಅವರ ಹಿಂದೆ ನಡೆದಳು.

ಬಸ್ಸಿನಲ್ಲಿ ಕಂಡಕ್ಟರು ಚೀಲಕ್ಕೆ ಲಗೇಜು ಕೇಳಿದ.

“ಕೂದ್ಲಿಗೂ ಲಗೇಜೇನಪ್ಪಾ?”

“ತಲೆ ಮ್ಯಾಲಿದ್ರೆ ಫ್ರೀ ಕಣಮ್ಮೋ. ಚೀಲ್ದಾಗಿದ್ರೆ ಟಿಕೆಟ್ಟು.”

ಕೊರಟಗೆರೆಯ ಕಲ್ಯಾಣ ಮಂಟಪ ತುಂಬಿತ್ತು. ಏಜೆಂಟ್ ಗೌರೀಶನ ಮಾತು ಅವನ ಎಣ್ಣೆಗಿಂತ ನುಣುಪು. ಅವನ ಮಾತಿನ ನಡುವೆಯೇ ಕೆಂಚಮ್ಮ ವೇದಿಕೆ ಹತ್ತಿ ಅವನ ಕಾಲ ಬುಡದಲ್ಲಿ ಚೀಲ ಇಳಿಸಿದಳು.

“ಸ್ವಾಮಿ, ನಿಮ್ ಎಣ್ಣೆ ಬರಾಕ್ ಮುಂಚೆ ಇವರ ಬೀದಿಯಿಂದ ತಿಂಗ್ಳಿಗೆ ನಾಕ್ ಹಿಡಿ ಕೂದ್ಲು ಬರ್ತಿತ್ತು. ಈಗ ಒಂದ್ ಚೀಲ. ಬೆಳೀತದೋ ಉದುರ್ತದೋ, ಕೈ ಹಾಕಿ ನೀವೇ ನೋಡ್ರಿ.”

ಗೌರೀಶ ನಕ್ಕ. “ತಾಯಂದಿರೇ, ಹಳೇದು ಜಾಗ ಬಿಡದೆ ಹೊಸದು ಎಲ್ಲಿ ಹುಟ್ಟಬೇಕು? ಎಣ್ಣೆ ಕೆಲಸ ಮಾಡ್ತಿದೆ ಅನ್ನೋದಕ್ಕೆ ಈ ಚೀಲವೇ ಸಾಕ್ಷಿ!”

“ಹೊಸಾದು ಎಲ್ಲೈತೆ ಮತ್ತೆ?” ಎಂದಳು ಕೆಂಚಮ್ಮ.

“ಬರ್ತಾ ಇದೆ.”

ಚನ್ನಮಲ್ಲಮ್ಮ ನೆತ್ತಿ ಮುಟ್ಟಿ ನೋಡಿಕೊಂಡಳು, ಬಂದೇಬಿಟ್ಟಿತೇನೋ ಎಂಬಂತೆ.

ಕೆಂಚಮ್ಮನ ದನಿ ಏರಿತು. “ಬಾಟ್ಲಿ ಮ್ಯಾಲಿರೋದು ನನ್ ಜಡೆ. ಈ ಎಣ್ಣೇನ ನಾನು ಮೂಸೂ ನೋಡಿಲ್ಲ.”

“ನಿನ್ನದೇ ಅನ್ನೋಕೆ ಏನಮ್ಮ ಪುರಾವೆ?”

ಕೆಂಚಮ್ಮ ಸಭೆಗೆ ಬೆನ್ನು ಮಾಡಿ, ತಲೆಗೆ ಸುತ್ತಿದ್ದ ಬಟ್ಟೆ ಕಿತ್ತು ತುರುಬು ಬಿಚ್ಚಿದಳು. ಜಡೆ ಬಾವಿಗೆ ಬಿಟ್ಟ ಹಗ್ಗದಂತೆ ಮೊಣಕಾಲಿನವರೆಗೆ ಜಾರಿತು. ತುದಿಯಲ್ಲಿ ಗೋಣಿದಾರ. ಇಲ್ಲಿಗೆ ಇವನ ಆಟ ಮುಗಿಯಿತು ಅಂದುಕೊಂಡಳು.

ಹಿಂದಿನ ಸಾಲಿನಿಂದ ಒಬ್ಬಳು ಕಿರುಚಿದಳು. “ಅಯ್ಯೋ, ನಿಜವಾದ್ ಜಡೆ ಕಣ್ರೇ! ನಾನ್ ಕಂಪ್ಯೂಟ್ರಾಗ್ ಮಾಡಿದ್ದು ಅನ್ಕಂಡಿದ್ದೆ!”

ಕುರ್ಚಿಗಳು ಉರುಳಿದವು. ಹೆಂಗಸರು ನೀರಿನ ಟ್ಯಾಂಕರು ಕಂಡವರಂತೆ ಬಾಟಲಿಗಳ ಮೇಜಿಗೆ ನುಗ್ಗಿದರು. “ಹಚ್ಚಿಲ್ಲ ಕಣ್ರವ್ವಾ, ಹಚ್ಚಿಲ್ಲ!” ಎಂದು ಕೆಂಚಮ್ಮ ಕೂಗಿದಷ್ಟೂ ಅವರು ಅವಳ ಜಡೆ ಮುಟ್ಟಿ ಮುಟ್ಟಿ ನೋಡಿ ಓಡುತ್ತಿದ್ದರು. ಚನ್ನಮಲ್ಲಮ್ಮನ ಸೆರಗಿನಲ್ಲಿ ಮೂರು ಬಾಟಲಿ. ಪುಷ್ಪಾವತಿಯ ಕೈಯಲ್ಲೂ ಎರಡು.

ಪೆಟ್ಟಿಗೆಗಳು ಖಾಲಿಯಾದ ಮೇಲೆ ಯಾರೋ ಮೆಲ್ಲಗೆ ಕೇಳಿದರು, “ಆ ಯಮ್ಮ ಹಚ್ಚೇ ಇಲ್ಲ ಅಂತಾಳಲ್ಲ?” ಗುಸುಗುಸು ಹಬ್ಬಿತು.

ಪುಷ್ಪಾವತಿ ವೇದಿಕೆಯ ಹತ್ತಿರ ಬಂದರು. ದನಿಯಲ್ಲಿ ಬೆಳಗಿನ ಬಿಸಿಯಿರಲಿಲ್ಲ. “ನೋಡು ಕೆಂಚಮ್ಮ, ನಾವೆಲ್ಲ ತಗೊಂಡಾಗಿದೆ. ಈಗ ಎಲ್ಲರೆದುರು ನಮ್ಮನ್ನ ಪೆದ್ದು ಮಾಡಬೇಡ. ಹಚ್ಚಿದ್ದೆ ಅಂತ ಒಂದು ಮಾತು ಹೇಳಿಬಿಡು. ಬೀದಿ ನಿನ್ನದೇ. ಯಾರೂ ತಡೆಯಲ್ಲ.”

ಗೌರೀಶ ಕಿವಿಯ ಬಳಿ ಬಗ್ಗಿದ. “ಅವರು ಹಚ್ಚಿದಷ್ಟೂ ನಿನ್ ಚೀಲ ತುಂಬ್ತದೆ. ನಿನಗೇನಮ್ಮ ನಷ್ಟ?” ಎನ್ನುತ್ತಾ ಮೈಕನ್ನು ಅವಳ ಕೈಗೆ ತುರುಕಿದ.

ಮಂಟಪವೆಲ್ಲ ಅವಳ ಬಾಯಿ ನೋಡುತ್ತಿತ್ತು. ನೂಕುನುಗ್ಗಲಿನಲ್ಲಿ ಸಹನಾಳ ದುಪಟ್ಟಾ ಜಾರಿತ್ತು. ನೆತ್ತಿಯಲ್ಲಿ ಕೂದಲಿಲ್ಲದ ಅಂಗೈಯಗಲ ಬಿಳುಪು. ಆ ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಕೆಂಚಮ್ಮನನ್ನು ನೋಡುತ್ತಿದ್ದಳು.

“ಹೇಳು” ಎಂದರು ಪುಷ್ಪಾವತಿ.

ಕೆಂಚಮ್ಮ ಮೈಕನ್ನು ಬಾಯಿಗೆ ತಂದಳು.

“ಮುಚ್ಚಳ ಹಾಕವ್ವಾ ಸಹನಾ. ನಾನು ಹಚ್ಚಿಲ್ಲ. ಹಚ್ಚಿದ್ದೆ ಅಂತ ಹೇಳಾದೂ ಇಲ್ಲ.”