ರಂಗೋಲಿಭಕ್ಷಕ ಚಕ್ರಾಸುರನ ಗರ್ವಭಂಗ

"ಅಯ್ಯೋ, ಈ ಪದ್ಮದ ಒಂದು ಎಸಳು ಎಲ್ಲಿ ಹೋಯ್ತು?"

ಅಲಮೇಲಮ್ಮ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ನಡುಮನೆಯಲ್ಲಿ ಆಗ ನರಪಿಳ್ಳೆಯೂ ಇರಲಿಲ್ಲ. ಮುಗಿದುಹೋಗಿದ್ದ ಅಕ್ಕಿಹಿಟ್ಟನ್ನು ಮಿಕ್ಸಿಯಲ್ಲಿ ಮತ್ತೆ ಪುಡಿಮಾಡಿ ಬಟ್ಟಲಿಗೆ ತುಂಬಿಕೊಂಡು ಅಡಿಗೆಮನೆಯ ಹೊಸ್ತಿಲು ದಾಟಿದ ಆಕೆಯ ಕಣ್ಣೆದುರಿಗೆ, ದೇವರಮನೆಯ ಮುಂದೆ ಈಗಷ್ಟೇ ಬರೆದಿಟ್ಟಿದ್ದ ಅಷ್ಟದಳಪದ್ಮವು ಸಪ್ತದಳವಾಗಿ ಬಿದ್ದಿತ್ತು.

ಆಲಿಸಿರಿ, ಶ್ರವಣಾನಂದನಿರತರಾದ ಸಜ್ಜನರೇ, ಎಲೆ ಅಡಿಕೆಯನ್ನು ಒಂದಿಷ್ಟು ಆಚೆಗಿಟ್ಟು ಆಲಿಸಿರಿ! ಮಾತಾಡಿದರೆ ದೀಪ ಹೊತ್ತುವ, ಗಾಜು ಸವರಿದರೆ ಊಟ ಬಾಗಿಲಿಗೆ ಬರುವ, ಗುಡಿಸುವವರಿಲ್ಲದೆಯೂ ಕಸ ಮಾಯವಾಗುವ ಯಂತ್ರಯುಗವೆಂಬ ಮಹಾಯುಗದಲ್ಲಿ, ಹೇಮಾವತೀಜಲಪಾನಪರಿಪುಷ್ಟವಾದ ಹಾಸನವೆಂಬ ಪಟ್ಟಣದಲ್ಲಿ, ತರ್ಜನ್ಯಂಗುಷ್ಠಮಧ್ಯವಿಗಲಿತಧವಳಧಾರಾವಿಶಾರದೆಯೂ, ಅಂದರೆ ರಂಗೋಲಿ ಎಳೆಯುವುದರಲ್ಲಿ ಬಲು ಗಟ್ಟಿಗಿತ್ತಿಯೂ, ಪುಳಿಯೋಗರೆಯ ಗೊಜ್ಜಿನಲ್ಲಿ ಪ್ರತಿಸ್ಪರ್ಧಿಯೇ ಇಲ್ಲದವಳೂ ಆದ ಅಲಮೇಲಮ್ಮನೆಂಬ ವೀರಾಂಗನೆಯು ಶ್ರಾವಣ ಶುಕ್ರವಾರದಂದು ಮಾಡಿದ ಘೋರ ಸಂಗ್ರಾಮವನ್ನು ಆಲಿಸಿರಿ!

ಆ ಮನೆಗೆ ಯುಗಾದಿಯ ಆಸುಪಾಸಿನಲ್ಲಿ ಒಬ್ಬ ಅಸುರನು ಬಂದು ಸೇರಿದ್ದನು. ವರ್ತುಲಕಾಯನು, ಕರಚರಣರಹಿತನು, ಮಂಚಾಧಃಪ್ರದೇಶಸಂಚಾರಧುರಂಧರನು, ಧೂಳಿಯೇ ಮೃಷ್ಟಾನ್ನವಾಗಿ ಉಳ್ಳವನು, ಅಂದರೆ ತಾನೇ ಓಡಾಡಿ ನೆಲ ಗುಡಿಸುವ ಯಂತ್ರ. ಅವನನ್ನು ಬರಮಾಡಿಕೊಂಡವನು ಅಲಮೇಲಮ್ಮನ ಪತಿಯೂ ಹೈಸ್ಕೂಲಿನ ಗಣಿತದ ಮೇಷ್ಟ್ರೂ ಆದ ವರದರಾಜನು. ಅಸುರನ ಪ್ರಾಣವು ವರದರಾಜನ ಫೋನಿನಲ್ಲಿತ್ತು. ಫೋನಿನ ಬೀಗವು ವರದರಾಜನ ಹೆಬ್ಬೆರಳಿನಲ್ಲಿತ್ತು.

"ನೀನಿನ್ನು ಸೊಂಟ ಬಗ್ಗಿಸೋ ಹಾಗಿಲ್ಲ ಕಣೆ," ಎಂದು ಆತನು ಅಂದು ವೀರಾಲಾಪಗೈದಿದ್ದನು. "ಗೋಡೆ, ಬಾಗಿಲು, ಮಂಚದ ಕಾಲು, ಎಲ್ಲಾ ಅದಕ್ಕೆ ಬಾಯಿಪಾಠ!"

ಅಂದಿನಿಂದ ಕಡ್ಡಿಪೊರಕೆಗೆ ಬಾಗಿಲ ಹಿಂದೆ ಅಜ್ಞಾತವಾಸ. ಆದರೆ ಚಕ್ರವರ್ತಿಯ ಸವಾರಿಗೆ ದಾರಿ ಬಿಡಿಸುವ ಊಳಿಗವು ದಂಪತಿಗಳ ಪಾಲಿಗೆ ಬಂದಿತು. ಅದು ಹೊರಡುವ ಹೊತ್ತಿಗೆ ಕುರ್ಚಿಗಳು ಮೇಜನ್ನೇರಬೇಕು, ಚಾಪೆ ಸುರುಳಿಯಾಗಬೇಕು, ಚಾರ್ಜರಿನ ತಂತಿ ಗೂಟಕ್ಕೆ ನೇತಾಡಬೇಕು, ಮೇಷ್ಟ್ರು ಸೋಫಾದ ಮೇಲೆ ಕಾಲೆತ್ತಿಕೊಂಡು ಕೂರಬೇಕು. ಗುಡಿಸುತ್ತ ಗುನುಗುತ್ತಿದ್ದ ದೇವರನಾಮವೂ ಅಲಮೇಲಮ್ಮನ ಬಾಯಿಂದ ಮೆಲ್ಲಗೆ ಜಾರಿಹೋಯಿತು. ಆದರೂ ಆಕೆ ಸಹಿಸಿದಳು. ಸೊಂಟಕ್ಕೆ ಹಿತವಾಗಿತ್ತೆಂಬುದನ್ನು ಸುಳ್ಳೆನ್ನಲಾಗದು.

ಸಹಿಸಲಾಗದ ಶಲ್ಯವೊಂದು ಬೇರೆಯೇ ಇತ್ತು. ಹೋದ ವರ್ಷ ಇದೇ ಹಬ್ಬಕ್ಕೆ ಕೈ ಉಳುಕಿದ್ದರಿಂದ ಆಕೆ ದೇವರಮನೆಯ ಮುಂದೆ ರಂಗೋಲಿಯ ಸ್ಟಿಕ್ಕರ್ ಅಂಟಿಸಿದ್ದಳು. ಅರಿಸಿನಕುಂಕುಮಕ್ಕೆ ಬಂದ ಗಂಡನ ಅಕ್ಕ ಕನಕವಲ್ಲಿ, ತುಂಬಿದ ಮುತ್ತೈದೆಯರ ಸಭೆಯಲ್ಲಿ ಕಾಲ ಹೆಬ್ಬೆರಳಿನಿಂದ ಅದನ್ನು ಸವರಿ ನೋಡಿ, "ಒಳ್ಳೇ ರಂಗೋಲಿ ಕಣೆ ಅಲಮೇಲು, ನೀರು ಬಿದ್ರೂ ಅಳಿಸಲ್ಲ!" ಎಂದು ನಕ್ಕಿದ್ದಳು. ಆ ನಗೆಯ ಬಾಣವು ವರ್ಷವೆಲ್ಲ ಎದೆಯಲ್ಲಿ ನಾಟಿತ್ತು. ಈ ಸಲ ಕೈಯಾರೆ ಬರೆದ ಪದ್ಮವನ್ನೇ ಅತ್ತಿಗೆಯ ಕಣ್ಣಿಗೆ ತುಂಬುವೆನೆಂದು ಅಲಮೇಲಮ್ಮನ ಪ್ರತಿಜ್ಞೆ. ಆ ಅತ್ತಿಗೆ ಈಗ ಆಟೋದಲ್ಲಿ ಬರುತ್ತಿದ್ದಾಳೆ. ಪದ್ಮದ ಎಸಳು ಕಾಣೆಯಾಗಿದೆ!

ಅಷ್ಟರಲ್ಲಿ ಸೋಫಾದ ಅಡಿಯಿಂದ ಗುರ್ರೆಂಬ ಗರ್ಜನೆಯು ಕೇಳಿಬಂದಿತು. ಮೋರೆಗೆಲ್ಲ ಹಿಟ್ಟು ಮೆತ್ತಿಕೊಂಡು ಚಕ್ರಾಸುರನು ಹೊರಬಿದ್ದನು. ಅವನು ಹೊರಟಾಗ ಸಾರಿದ್ದ ರಣಘೋಷವು ಅಡಿಗೆಮನೆಯ ಮಿಕ್ಸಿಯ ಸದ್ದಿನಲ್ಲಿ ಮುಳುಗಿಹೋಗಿತ್ತು.

"ರೀ!" ಎಂದು ಅಲಮೇಲಮ್ಮ ಬಚ್ಚಲಿನ ಬಾಗಿಲಿಗೆ ಕೂಗಿದಳು. "ಇದ್ಯಾಕ್ರೀ ಈಗ ಹೊರಟಿದೆ?"

"ನೀನೇ ಅಲ್ವೇನೆ ನಿನ್ನೆ ಹೇಳಿದ್ದು!" ಒಳಗಿನಿಂದ ನೀರಿನ ಸದ್ದಿನ ನಡುವೆ ಉತ್ತರ ಬಂತು. "ಅದು ದಿನಾ ಹೊರಡೋ ಹೊತ್ತು ಶುಕ್ರವಾರ ರಾಹುಕಾಲ, ಹಬ್ಬದ ದಿನ ಬೇಡ, ಮುಂಚೇನೇ ಹೊರಡಿಸಿ ಅಂತ!"

ಹೌದು, ಹೇಳಿದ್ದಳು. ರಾಹುವಿಗೆ ಹೆದರಿ ಅದರ ಮುಹೂರ್ತವನ್ನು ಮುಂಚೆಗೆ ತಂದವಳು ತಾನೇ. ಅದೇ ರಾಹುವಿಗೆ ಹೆದರಿ ರಂಗೋಲಿಗೆ ಆ ಹೊತ್ತನ್ನೇ ಆರಿಸಿಕೊಂಡವಳೂ ತಾನೇ.

"ಫೋನ್ ಇಲ್ಲೇ ಇದೆ, ಹೆಬ್ಬೆಟ್ಟು ಕೊಡಿ ಬೇಗ!"

"ಮೈಯೆಲ್ಲಾ ಸೋಪು ಕಣೆ! ಅದರ ತಲೆ ಮೇಲೆ ಗುಂಡಿ ಇದೆ, ಒತ್ತು!"

ಒತ್ತುವುದೆಂತು? ಆಕೆ ಮಡಿಯಲ್ಲಿದ್ದಳು. ಉಟ್ಟಿದ್ದು ಯಾರೂ ಮುಟ್ಟದೆ ಗಳುವಿನ ಮೇಲೆ ಒಣಗಿದ ಮಡಿಸೀರೆ. ಚಪ್ಪಲಿಗಳ ಸಂದಿಯಲ್ಲಿಯೂ ಸಕಲ ಮಂಚಗಳ ಅಡಿಯಲ್ಲಿಯೂ ತೆವಳಿದ ಅಸುರನನ್ನು ಬೆರಳಿನಿಂದ ಸೋಕಿದರೆ ಮಡಿ ಹೋಯಿತು, ಮತ್ತೆ ಸ್ನಾನ, ಅಷ್ಟರಲ್ಲಿ ಪದ್ಮವೆಲ್ಲ ಅವನ ಹೊಟ್ಟೆಗೆ. ಸೋಕದಿದ್ದರೂ ಪದ್ಮ ಅವನ ಹೊಟ್ಟೆಗೇ. ಧರ್ಮಸಂಕಟವೆಂದರೆ ಇದು!

ಆಗ ಆ ಧೀರೆಯು ಅಡಿಗೆಮನೆಗೆ ನುಗ್ಗಿ, ಮಡಿಯ ಮಜ್ಜಿಗೆ ಕಡೆಯುವ ದಧಿಮಥನಪ್ರಚಂಡವಾದ ಕಡಗೋಲನ್ನು ಗದೆಯಂತೆ ಎತ್ತಿ ಹಿಡಿದು ಬಂದಳು.

"ಎಲಾ ಮುಂಡೇದೇ!" ಎಂದು ಆಕೆ ಗರ್ಜಿಸಿದಳು. "ಧೂಳು ತಿನ್ನು ಅಂತ ತಂದ್ರೆ ದೇವರ ಮುಂದಿನ ಹಿಟ್ಟಿಗೇ ಬಾಯಿ ಹಾಕ್ತೀಯಾ? ಇನ್ನೊಂದು ಎಸಳು ಮುಟ್ಟು ನೋಡೋಣ!"

ಅಸುರನು ಮುಟ್ಟಿದನು.

ಕಡಗೋಲು ಅವನ ಪಕ್ಕೆಗೆ ಟಣ್ಣೆಂದು ಬಡಿಯಿತು. ಅವನು ವಿನಯದಿಂದ ಹಿಂದೆ ಸರಿದು, ಒಂದು ಸುತ್ತು ತಿರುಗಿ, ಮತ್ತೊಂದು ಕೋನದಿಂದ ಪದ್ಮವನ್ನೇ ಹೊಕ್ಕನು. ಈಕೆ ಎಡದಿಂದ ತಡೆದರೆ ಅವನು ಬಲದಿಂದ. ಈಕೆ ಬಲಕ್ಕೆ ಹಾರಿದರೆ ಅವನು ನಡುವಿನಿಂದ. ಸೋಲೆಂಬುದನ್ನೇ ಅರಿಯದ ಶತ್ರುವಿಗೆ ಅವಮಾನವೂ ತಿಳಿಯದು. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಲದೇವರನ್ನು ನೆನೆದು, ಕಡಗೋಲನ್ನು ಅವನ ಬೆನ್ನಿಗೆ ಆನಿಸಿ ಆಕೆ ನೂಕಿದ ನೂಕಿಗೆ ಚಕ್ರಾಸುರನು ನೆಲದ ಮೇಲೆ ಬಿಳಿಯ ಹಾದಿ ಬರೆಯುತ್ತ ಜಾರಿ, ಹಳೆಯ ಬೀರುವಿನ ಅಡಿಯಲ್ಲಿ ಗಕ್ಕನೆ ಸಿಕ್ಕಿಬಿದ್ದನು. ಜಯವಾಯಿತು!

ಜಯವಾದಾಗಲೇ ಬಾಗಿಲಲ್ಲಿ ಕನಕವಲ್ಲಿ ನಿಂತಿದ್ದಳು. ಪದ್ಮದಲ್ಲಿ ಮೂರೇ ಎಸಳು ಉಳಿದಿದ್ದವು. ಅಲಮೇಲಮ್ಮನ ಕೈಯ ಕಡಗೋಲು ತಾನಾಗಿ ಕೆಳಗಿಳಿಯಿತು.

ಕನಕವಲ್ಲಿ ಬಗ್ಗಿದಳು, ಉಳಿದ ಎಸಳಿನ ಅಂಚನ್ನು ಈ ಸಲ ಕೈಬೆರಳಿನಿಂದ ಸವರಿದಳು, ಬೆರಳನ್ನು ಬೆಳಕಿಗೆ ಹಿಡಿದಳು.

"ಅಕ್ಕಿಹಿಟ್ಟೇ ಕಣೆ ಇದು."

"ಹೂಂ ಅತ್ತಿಗೆ. ಮಿಕ್ಕಿದ್ದನ್ನ ಅದು ತಿಂದ್ಬಿಡ್ತು."

"ಸ್ಟಿಕ್ಕರ್ ಆಗಿದ್ರೆ ಅದ್ಯಾಕೆ ತಿಂತಿತ್ತು, ಪಾಪ." ಕನಕವಲ್ಲಿ ಎಳೆಯನ್ನೇ ದಿಟ್ಟಿಸಿದಳು. "ಎಷ್ಟು ಸಣ್ಣಕ್ಕೆ ಎಳ್ದಿದೀಯೆ! ನಮ್ಮಮ್ಮ ಹೀಗೇ ಬರೀತಿದ್ಲು. ತಡಿ, ಕೈಕಾಲು ತೊಳ್ಕೊಂಡು ಬರ್ತೀನಿ. ಬಟ್ಟಲು ನಡುವೆ ಇಡು."

ವರ್ಷದ ಬಾಣವು ಹೀಗೆ ಸದ್ದಿಲ್ಲದೆ ಉದುರಿತು. ಭೂಮಿ ನಡುಗಿಸಿದ ಮಹಾಯುದ್ಧದಲ್ಲಿ ಒಟ್ಟು ಹಾನಿ ಒಂದು ಹಿಡಿ ಅಕ್ಕಿಹಿಟ್ಟು. ಸೆರೆಯಾದ ಶತ್ರು, ದೋಸೆಯ ಹೆಂಚಿಗಿಂತ ತುಸು ದೊಡ್ಡದು. ಅತ್ತಿಗೆಯೂ ನಾದಿನಿಯೂ ಎದುರುಬದುರು ಕುಳಿತು ಎಸಳುಗಳನ್ನು ಎಳೆಯತೊಡಗಿದರು. ಅಲಮೇಲಮ್ಮನ ಬಾಯಲ್ಲಿ ಮರೆತ ದೇವರನಾಮ ತಾನಾಗಿ ಗುನುಗಿಕೊಂಡಿತು.

ಮಡಿಪಂಚೆಯುಟ್ಟು ವರದರಾಜನು ಹೊರಬಂದನು. ಬೀರುವಿನ ಅಡಿಯಿಂದ ಒಂದು ಇಂಪಾದ ದನಿಯು ಆರ್ತವಾಗಿ ಮೊರೆಯಿಡುತ್ತಿತ್ತು: "ನಾನು ಸಿಕ್ಕಿಕೊಂಡಿದ್ದೇನೆ. ದಯವಿಟ್ಟು ನನ್ನನ್ನು ಎತ್ತಿರಿ."

"ಅಲಮೇಲು..."

"ನಾನು ಮಡಿ."

"ನಾನೂ ಮಡಿ ಕಣೆ, ಈಗ ತಾನೆ ಮಿಂದು ಬಂದೆ." ಮೇಷ್ಟ್ರು ಅಕ್ಕನ ಕಡೆಗೆ ತಿರುಗಿದನು. "ಅಕ್ಕಾ, ನೀನು ಹೊರಗಿಂದ ಬಂದೋಳು, ನಿಂಗೆ ತೊಂದರೆ ಇಲ್ಲ. ಒಂಚೂರು ಬಗ್ಗಿ ಎತ್ತಿಬಿಡೆ. ಪಾಪ, ಆಗ್ಲಿಂದ ಕೂಗ್ಕೋತಾ ಇದೆ."

ಕನಕವಲ್ಲಿ ತಲೆಯೆತ್ತಲಿಲ್ಲ. ಎಂಟನೆಯ ಎಸಳಿನ ತುದಿಯನ್ನು ಚೂಪು ಮಾಡಿ ಮುಗಿಸಿದಳು.

"ಎತ್ತಲ್ಲ ಹೋಗೋ."