ಐಸು ತಿನ್ನುವ ಹೊತ್ತಿನ ಹಾಡು

ಇಟಲಿಯ ಕ್ರೆಮೋನಾ ಊರಿನ ಸಂಗೀತ ನಾಟಕದಲ್ಲಿ ನಾಯಕಿ ಬಟ್ಟೆ ಬದಲಿಸಿ ಬರುವವರೆಗೆ ಚಿಕ್ಕ ಪಾತ್ರದ ಎವರಿಸ್ತೊ ಒಂದು ಹಾಡು ಹಾಡಬೇಕಿತ್ತು. ಆ ಹೊತ್ತಿಗೆ ಜನ ಎದ್ದು ಹೊರಗೆ ಹೋಗಿ ಸೆರಾಫಿನೊನ ಅಂಗಡಿಯಲ್ಲಿ ನಿಂಬೆ ಐಸು ತಿನ್ನುವುದು ಪದ್ಧತಿ. ಈ ಐಸಿನ ಹಾಡನ್ನು ಇಟಲಿಯ ಯಾವ ಊರಿನಲ್ಲೂ ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ಎವರಿಸ್ತೊನ ಗ್ರಹಚಾರಕ್ಕೆ ಅವನು ಮನಸ್ಸು ಕೊಟ್ಟದ್ದು ಅದೇ ಸೆರಾಫಿನೊನ ಮಗಳು ಎರ್ಸಿಲಿಯಾಗೆ.

ಒಂದು ಬೆಳಗ್ಗೆ ಧೈರ್ಯ ಮಾಡಿ ಕೇಳಿಯೇಬಿಟ್ಟ. "ಮಾವ, ಎರ್ಸಿಲಿಯಾನ ನಂಗೆ ಕೊಡ್ತೀರಾ?"

"ಯಾರಯ್ಯಾ ನಿಂಗೆ ಮಾವ? ನೀನು ಹಾಡೋವಾಗ ಜನ ಕೈಯಲ್ಲಿರೋ ಚಮಚ ಕೆಳಗಿಡ್ಲಿ. ಆಗ ಕೊಡ್ತೀನಿ."

"ಇವತ್ತೇ ಇಡಿಸ್ತೀನಿ."

ಅಂಗಡಿ ಮುಂದೆ ನಿಂತಿದ್ದ ಅರ್ಧ ಬೀದಿ ಇದಕ್ಕೆ ಸಾಕ್ಷಿ. ಇನ್ನು ಕೇಳಬೇಕೆ, ಸಲಹೆ ಕೊಡುವವರು ಸಾಲುಗಟ್ಟಿದರು. ಕ್ಷೌರಿಕ ಹಸಿ ಮೊಟ್ಟೆ ಕುಡಿಸಿದ. ಅವನಿದ್ದ ಬಾಡಿಗೆ ಮನೆಯ ಒಡತಿ ಸುಟ್ಟ ಈರುಳ್ಳಿ ತಿನ್ನಿಸಿದಳು. ಎವರಿಸ್ತೊನ ಹೊಟ್ಟೆ ಕೆಟ್ಟಿತು, ಧೈರ್ಯ ಕೆಡಲಿಲ್ಲ.

ಕೊನೆಗೆ ಮೇಳದಲ್ಲಿ ಹಾಡುವ ಗಿಲ್ದೊ ಹೇಳಿದ: "ನಿಂದು ಬರೀ ನಿಧಾನದ ಹಾಡು ಕಣೋ. ನಾಯಕಿದು ನೋಡು. ಮೊದ್ಲು ನಿಧಾನ, ಮಧ್ಯೆ ಯಾರೋ ಓಡಿ ಬಂದು ಸುದ್ದಿ ಹೇಳ್ತಾರೆ, ಆಮೇಲೆ ಓಟದ ಹಾಡು, ಅದೂ ಎರಡೆರಡು ಸಲ. ಜನ ಎದ್ದು ಹೋಗೋದು ಹೇಗೆ? ಸುದ್ದಿ ನಾನು ತರ್ತೀನಿ ಬಿಡು." ವಾದ್ಯದವರನ್ನೂ ಅವನೇ ಒಪ್ಪಿಸಿದ.

ಸಂಜೆ ಎವರಿಸ್ತೊ ಬಾಯಿ ತೆರೆದದ್ದೇ ತಡ, ಜನ ಎಂದಿನಂತೆ ಬಾಗಿಲ ಕಡೆ ಹೊರಟರು. ಆಗ ಗಿಲ್ದೊ ಏದುಸಿರು ಬಿಡುತ್ತ ನುಗ್ಗಿದ. "ಅಯ್ಯೋ, ನಿನ್ನ ಹುಡುಗೀನ ಬೇರೆಯವ್ನಿಗೆ ಕೊಟ್ಟು ಮದುವೆ ಮಾಡ್ತಿದಾರೆ."

ಹೊರಟವರು ನಿಂತರು. ನಿಂತವರು ವಾಪಸು ಬಂದು ಕೂತರು. ಗಿಲ್ದೊ ತರುವ ಸುದ್ದಿ ಏನೆಂದು ಎವರಿಸ್ತೊನಿಗೂ ಗೊತ್ತಿರಲಿಲ್ಲ, ನಿಜವೆಂದೇ ನಂಬಿ ಆ ಸಂಕಟದಲ್ಲೇ ಓಟದ ಹಾಡು ಹಿಡಿದ. ಎರಡನೆಯ ಸಲಕ್ಕೆ ಸಭೆಯೆಲ್ಲ ಕಾಲಲ್ಲಿ ತಾಳ ಹಾಕುತ್ತಿತ್ತು. ಬಿಡದೆ ಮತ್ತೆ ಮತ್ತೆ ಹಾಡಿಸಿದರು. ಬಟ್ಟೆ ಬದಲಿಸಿ ಬಂದ ನಾಯಕಿ ಪರದೆಯ ಹಿಂದೆ ಹಲ್ಲು ಕಡಿಯುತ್ತ ನಿಂತಿದ್ದಳು.

ಚಪ್ಪಾಳೆ ಮುಗಿಯುವ ಮೊದಲೇ ಎವರಿಸ್ತೊ ಹೊರಗೆ ಓಡಿದ. ಸೆರಾಫಿನೊ ಕರಗಿ ನೀರಾದ ಐಸಿನ ಮುಂದೆ ಕೈಕಟ್ಟಿ ನಿಂತಿದ್ದ.

"ಮಾವ, ಊರಿಗೆ ಊರೇ ಕೂತು ಕೇಳ್ತು. ಮದುವೆ ಯಾವಾಗ?"

"ಏನಂತ ಮಾತಾಗಿತ್ತು?"

"ನಾನು ಹಾಡೋವಾಗ ಜನ ಚಮಚ ಕೆಳಗಿಡ್ಬೇಕು ಅಂತ."

ಸೆರಾಫಿನೊ ಬೆಳಗ್ಗೆ ಒರೆಸಿಟ್ಟಿದ್ದ ಚಮಚಗಳ ಕಟ್ಟನ್ನು ಹಾಗೇ ಎತ್ತಿ ತೋರಿಸಿದ. "ಕೆಳಗಿಡ್ಬೇಕಾದ್ರೆ ಮೊದ್ಲು ಎತ್ತಿರ್ಬೇಕಲ್ಲಪ್ಪಾ. ಒಬ್ಬನಾದ್ರೂ ಈ ಕಡೆ ಬಂದ್ನಾ?"

ಎವರಿಸ್ತೊ ಚಮಚಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ, ಎಲ್ಲವೂ ಒಣಗಿದ್ದವು.

"ಎರ್ಸಿಲಿಯಾ, ಪಾಪ ಇವ್ನ ಗಂಟಲು ಒಣಗಿದೆ. ಒಂದು ಬಟ್ಟಲು ನಿಂಬೆನೀರು ಕೊಡು."

ಎವರಿಸ್ತೊ ಗಟಗಟನೆ ಕುಡಿದ. ಅದಕ್ಕೂ ಚಮಚ ಬೇಕಾಗಲಿಲ್ಲ.